ಡಬ್ಬಿಯೊಳಗಿನ ಧಾರೆ ರೂಪಾಯಿ

ತೀರ್ಮಾನ ತೆಗೆದುಕೊಳ್ಳುವುದು ಅಂದರೆ ನನಗೆ ಮೊದಲಿನಿಂದಲೂ ಆಗಿಬರದ ಕೆಲಸ. ಹಾಸನದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋಗಿ ಕೂತರೆ, ಮಾಣಿ ಬಂದು ಇಡ್ಲಿಯಿಂದ ಶುರುಮಾಡಿ ಪೂರಿಯವರೆಗೆ ಒಂದೇ ಉಸಿರಿನಲ್ಲಿ ಒದರಿ ನಿಲ್ಲುತ್ತಾನೆ. ನಾನು ಸ್ವಲ್ಪ ಹೊತ್ತು ಯೋಚನೆ ಮಾಡಿ, ಪಕ್ಕದ ಟೇಬಲ್ಲಿನವರನ್ನು ತೋರಿಸಿ, "ಅವರೇನು ತಿಂತಾ ಇದಾರೋ ಅದನ್ನೇ ಕೊಡಪ್ಪ" ಅನ್ನುತ್ತೇನೆ. ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ವಾಪಸ್ ಬರುವಾಗ ದಾರಿಯಲ್ಲಿ ಅಪ್ಪ "ಏನಂತೀಯೋ?" ಅಂತ ಕೇಳಿದರೆ, "ನಿಮಗೆ ಹೇಗನ್ನಿಸಿತು?" ಅಂದಿದ್ದೆ. ಈ ಮಾತನ್ನು ಯಾವ ಪುಣ್ಯಾತ್ಮರೋ ನನ್ನ ಹೆಂಡತಿ ಗಿರಿಜಳ ಕಿವಿಗೆ ಹಾಕಿದ್ದಾರೆ. ಸೀರೆ ಅಂಗಡಿಯಲ್ಲಿ ನಾನು ಅಭಿಪ್ರಾಯ ಹೇಳಲು ಬಾಯಿ ತೆರೆದರೆ ಸಾಕು, "ನೀವು ಸುಮ್ನಿರಿ, ನನ್ನನ್ನೇ ಆರಿಸದೇ ಇದ್ದೋರು" ಅನ್ನುತ್ತಾಳೆ.

ತಮಾಷೆ ಏನಪ್ಪ ಅಂದರೆ, ನನಗೆ ಸಂಬಳ ಬರುವುದೇ ತೀರ್ಮಾನ ಕೊಡುವುದಕ್ಕೆ. ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡುತ್ತೇನೆ. ಬೇಸಿಗೆ ಬಂತೆಂದರೆ ಮೌಲ್ಯಮಾಪನಕ್ಕೆ ಹೋಗಿ ಕೂರುತ್ತೇನೆ. ಆ ಸೆಕೆಯಲ್ಲಿ, ಮಕ್ಕಳು ಕೂರುವ ಬೆಂಚಿನಲ್ಲಿ ಮಂಡಿ ಮಡಚಿಕೊಂಡು, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಫ್ಯಾನಿನ ಕೆಳಗೆ ಉತ್ತರಪತ್ರಿಕೆಯ ಕಟ್ಟು ಬಿಚ್ಚಬೇಕು. ಟೀ ಬರುವುದಕ್ಕೆ ಮುಂಚೆ ನೋಡಿದ ಉತ್ತರಕ್ಕೂ ಟೀ ಕುಡಿದ ಮೇಲೆ ನೋಡಿದ ಉತ್ತರಕ್ಕೂ ಒಂದೇ ತಕ್ಕಡಿ ಹಿಡಿದಿದ್ದೇನೆ ಅಂತ ಎದೆ ಮುಟ್ಟಿಕೊಂಡು ಹೇಳಲಾರೆ. ಸಂಜೆಯಾಗುವ ಹೊತ್ತಿಗೆ ನನ್ನ ಕೆಂಪು ಪೆನ್ನಿಗೆ ಕರುಣೆ ಬಂದಿದೆಯೋ ಸಿಟ್ಟು ಬಂದಿದೆಯೋ ನನಗೇ ಗೊತ್ತಾಗುವುದಿಲ್ಲ; ಮನೆಗೆ ಹೋಗಿ ಮಲಗಿದರೆ ಸಾಕಾಗಿರುತ್ತದೆ. ಆಮೇಲೆ ಯಾರೋ ಹುಡುಗ ಮರುಮೌಲ್ಯಮಾಪನಕ್ಕೆ ಹಾಕುತ್ತಾನೆ, ನನ್ನಷ್ಟೇ ಸುಸ್ತಾದ ಇನ್ನೊಬ್ಬರು ಅದನ್ನೇ ನೋಡಿ ಬೇರೆ ಅಂಕ ಕೊಡುತ್ತಾರೆ. ಇದೆಲ್ಲ ಒಳಗಿನಿಂದ ಬಲ್ಲ ಮನುಷ್ಯ ಬೇರೆಯವರು ಹಾಕಿದ ಅಂಕವನ್ನು ನಂಬಬಾರದು. ನಾನು ನಂಬಿದೆ.

ಸಹೋದ್ಯೋಗಿಗಳೆಲ್ಲ ವಿಮಾನ ನಿಲ್ದಾಣ ಬರುತ್ತದೆ ಅಂತ ಬೂವನಹಳ್ಳಿ ಸುತ್ತಮುತ್ತ ಸೈಟು ಮಾಡಿಕೊಂಡರು. ನಾನು ನಾಣ್ಯ ಮಾಡಿಕೊಂಡೆ. ಅದೂ ನಾನಾಗಿ ತೀರ್ಮಾನಿಸಿದ್ದಲ್ಲ. ಹೊಳೆನರಸೀಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಂಜುಂಡ ನನ್ನ ಜೊತೆ ಓದಿದವನು. ಅವನ ಗಲ್ಲಾಪೆಟ್ಟಿಗೆಯ ಹಿಂದೆ ಹಳೇ ನಾಣ್ಯಗಳ ಆಲ್ಬಮ್ಮುಗಳ ಸಾಲೇ ಇದೆ. ಅವನಿಗಿದೆಯಲ್ಲ ಅಂತ ನಾನೂ ಶುರುಮಾಡಿದೆ, ಅಷ್ಟೇ. ಈಗಿನ ಕಾಲದಲ್ಲಿ ನಾಣ್ಯ ಇದ್ದರೆ ಸಾಲದು, ಅದಕ್ಕೊಂದು ಅಂಕಪಟ್ಟಿ ಬೇಕು ಅಂತ ತಲೆಗೆ ತುಂಬಿದವನೂ ಅವನೇ. ದೊಡ್ಡ ಊರುಗಳಲ್ಲಿ ಅದಕ್ಕೆಂದೇ ಸಂಸ್ಥೆಗಳಿವೆಯಂತೆ. ನಾಣ್ಯ ಕಳಿಸಿದರೆ ಅವರು ಭೂತಗಾಜು ಹಿಡಿದು ಅಸಲಿಯೋ ನಕಲಿಯೋ ನೋಡಿ, ಸವೆತಕ್ಕೆ ತಕ್ಕ ದರ್ಜೆ ಕೊಟ್ಟು, ಅಂಗೈಯಷ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಇನ್ನು ಯಾರೂ ಮುಟ್ಟದ ಹಾಗೆ ಬೆಸೆದು ವಾಪಸ್ ಕಳಿಸುತ್ತಾರೆ. ನೆತ್ತಿಯ ಮೇಲೊಂದು ಚೀಟಿ, ಚೀಟಿಯಲ್ಲಿ ದರ್ಜೆ, ನಂಬರು. ಬಲ್ಲವರು ಇದನ್ನು ಸ್ಲ್ಯಾಬ್ ಅನ್ನುತ್ತಾರೆ, ಗಿರಿಜ ಡಬ್ಬಿ ಅನ್ನುತ್ತಾಳೆ. ಡಬ್ಬಿ ಒಡೆದರೆ ದರ್ಜೆಯೂ ಹೋಯಿತು, ನಂಬರೂ ಹೋಯಿತು. ಒಳಗಿದ್ದದ್ದು ಮತ್ತೆ ಬರೀ ನಾಣ್ಯ.

ನಾನು ಕಳಿಸಿದ್ದು ಅವ್ವನ ಧಾರೆ ರೂಪಾಯಿಯನ್ನು. ನಮ್ಮ ಕಡೆ ಮದುವೆಯಲ್ಲಿ ಧಾರೆ ಎರೆಯುವಾಗ ಹೆಣ್ಣು ಗಂಡಿನ ಕೈಗೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಅದರ ಮೇಲೆ ಹಾಲು ಹುಯ್ಯುತ್ತಾರಲ್ಲ, ಆಗ ಕಾಯಿಯ ಕೆಳಗೆ ಒಂದು ನಾಣ್ಯ ಇಡುವುದುಂಟು. ನಮ್ಮ ಮನೆಯಲ್ಲಿ ಅದಕ್ಕೆ ಅಂತಲೇ ಬ್ರಿಟಿಷರ ಕಾಲದ ಒಂದು ಬೆಳ್ಳಿ ರೂಪಾಯಿ, ಗಡ್ಡದ ರಾಜನ ತಲೆ ಇರುವಂಥದ್ದು. ಅವ್ವನ ಧಾರೆಯಲ್ಲಿ ಅದಿತ್ತು, ಅಕ್ಕನದರಲ್ಲಿ ಇತ್ತು, ನನ್ನದರಲ್ಲೂ ಇತ್ತು. ಪ್ರತಿ ಸಲವೂ ಅವ್ವ ಅದನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಫಳಫಳ ಅನ್ನಿಸಿ ಇಡುತ್ತಿದ್ದಳು. ಮದುವೆ ಇಲ್ಲದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಉಜ್ಜುತ್ತಿದ್ದಳು. ತೀರಿಹೋಗುವುದಕ್ಕೆ ಮುಂಚೆ, "ನಿನ್ ಬೀರಲ್ಲಿ ಮಡಿಕಣಪ್ಪ" ಅಂತ ನನ್ನ ಕೈಗೆ ಕೊಟ್ಟಳು. ಬೀರುವಿನಲ್ಲಿ ಇಟ್ಟುಕೊಂಡಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ನಂಜುಂಡ ತನ್ನ ನಾಣ್ಯಗಳನ್ನು ದರ್ಜೆಗೆ ಕಳಿಸುವಾಗ "ನಿಂದೂ ಇದ್ರೆ ಕೊಡೋ" ಅಂದ, ಕೊಟ್ಟೆ.

ಎರಡು ತಿಂಗಳಾದ ಮೇಲೆ ಡಬ್ಬಿ ಬಂತು. ಅಸಲಿ ಅಂತ ಒಪ್ಪಿಕೊಂಡಿದ್ದರು. ಆದರೆ ದರ್ಜೆಯ ಪಕ್ಕದಲ್ಲಿ ಒಂದು ಪದ ಸೇರಿಸಿದ್ದರು: ಕ್ಲೀನ್ಡ್. ನಾಣ್ಯಲೋಕದಲ್ಲಿ ಹಳೇ ನಾಣ್ಯ ತೊಳೆಯುವುದು ದೊಡ್ಡ ಅಪರಾಧ. ಕಾಲದಿಂದ ಕೂತ ಕಪ್ಪನ್ನು ಹಾಗೇ ಬಿಡಬೇಕು, ಉಜ್ಜಿದರೆ ಮಾನ ಹೋಯಿತು, ಬೆಲೆಯೂ ಹೋಯಿತು. ಅವ್ವ ಜೀವಮಾನವೆಲ್ಲ ಭಕ್ತಿಯಿಂದ ಮಾಡಿದ್ದನ್ನು ಯಾರೋ ಗೊತ್ತಿಲ್ಲದವರು ಒಂದೇ ಪದದಲ್ಲಿ ತಪ್ಪು ಅಂತ ಬರೆದು ಪ್ಲಾಸ್ಟಿಕ್ಕಿನಲ್ಲಿ ಬೆಸೆದು ಕಳಿಸಿದ್ದರು. ನನಗೆ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಬೇಜಾರಿನ ಜೊತೆಗೆ ಒಂದು ಹೆಮ್ಮೆಯೂ ಇತ್ತು. ಎಷ್ಟಾದರೂ ದರ್ಜೆ ದರ್ಜೆಯೇ ಅಲ್ಲವೇ? ಮೊಬೈಲಿನಲ್ಲಿ ಆ ಡಬ್ಬಿಯ ಫೋಟೋ ತೆಗೆದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದೆ. ಯಾರೂ ಹೆಚ್ಚು ಹೊತ್ತು ನೋಡಲಿಲ್ಲ.

ಇಷ್ಟಾದ ಮೇಲೆ ಚನ್ನರಾಯಪಟ್ಟಣದಿಂದ ಜಯಕ್ಕನ ಫೋನು. ಜಯಕ್ಕ ನನ್ನ ಒಬ್ಬಳೇ ಅಕ್ಕ. ಅವಳ ಮಗಳು ಮೇಘನಾಗೆ ಅರಕಲಗೂಡಿನ ಕಡೆ ಗಂಡು ಗೊತ್ತಾಗಿತ್ತು. ಲಗ್ನಪತ್ರಿಕೆ ಆಯಿತು, ಛತ್ರ ಆಯಿತು, ಅಡುಗೆಯವರಿಗೆ ಮುಂಗಡ ಆಯಿತು ಅಂತೆಲ್ಲ ಹೇಳಿ ಕೊನೆಗೆ, "ಧಾರೆ ರೂಪಾಯಿ ತಂದ್ಬುಡ್ಲಾ, ಒಂದ್ ಸಲ ಉಜ್ಜಿ ಮಡಗ್ತೀನಿ" ಅಂದಳು. ನಾನು ಡಬ್ಬಿಯ ವಿಷಯ ಮೆಲ್ಲಗೆ ಬಿಡಿಸಿ ಹೇಳಿದೆ.

"ಅದೇನ್ಲಾ ಅದು, ತೊಳ್ದಿದ್ದು ತೆಪ್ಪಾ? ತೊಳೀದೆ ಬಿಟ್ಟಿದ್ರೆ ಸರಿಯಾ? ಅವ್ವನ ಕೈ ಕೆಲ್ಸಕ್ಕೆ ತೆಪ್ಪು ಇಡ್ದೋರು ಯಾರ್ಲಾ ಅವ್ರು? ಅವ್ರ್ ಮನೇಲಿ ಪಾತ್ರೆ ತೊಳಿಯಾಕಿಲ್ವಾ?"

"ಅದು ಹಂಗಲ್ಲಕ್ಕ, ನಾಣ್ಯಶಾಸ್ತ್ರದಲ್ಲಿ..."

"ನಿನ್ ಶಾಸ್ತ್ರ ನೀನೇ ಮಡಿಕ. ಧಾರೆ ಶಾಸ್ತ್ರಕ್ಕೆ ರೂಪಾಯಿ ತಂದ್ಕೊಡು" ಅಂತ ಫೋನಿಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಒಡೆಯಬೇಕೋ ಬೇಡವೋ? ಬೆಳಿಗ್ಗೆ ಒಡೆಯುವುದೇ ಸರಿ ಅನ್ನಿಸುತ್ತಿತ್ತು, ಮಧ್ಯಾಹ್ನ ಊಟ ಆದ ಮೇಲೆ ಬೇಡ ಅನ್ನಿಸುತ್ತಿತ್ತು. ಎಂದಿನ ಹಾಗೆ ಕಂಡಕಂಡವರನ್ನು ಕೇಳಿದೆ. ನಂಜುಂಡನನ್ನು ಕೇಳಿದರೆ ಎದೆ ಹಿಡಿದುಕೊಂಡ. "ಸೀಲ್ ಒಡೆಯೋದಾ! ಮನುಷ್ಯನಾ ನೀನು?" ಅಂದವನು ಸ್ವಲ್ಪ ತಡೆದು, "ಒಂದ್ ಕೆಲ್ಸ ಮಾಡ್ಬೋದು. ಒಡೆದು ಮತ್ತೆ ಕಳ್ಸು. ಬೇರೆಯವ್ರ ಕೈಗೆ ಸಿಕ್ಕಿದ್ರೆ ಆ ಪದ ಬರೀದೇ ಬಿಟ್ರೂ ಬಿಟ್ರು" ಅಂತ ಆಸೆ ಹುಟ್ಟಿಸಿದ. ಮರುಮೌಲ್ಯಮಾಪನ! ಅದರ ಹಣೆಬರಹ ನನಗೆ ಗೊತ್ತಿಲ್ಲದ್ದೇ? ಗಿರಿಜ ಅಡುಗೆಮನೆಯಿಂದಲೇ, "ಡಬ್ಬಿ ಸಮೇತ ಇಟ್ಬಿಡಿ, ಹಾಲು ಹುಯ್ದರೆ ಒರೆಸ್ಕೋಬೋದು" ಅಂದಳು. ಇದು ಪರವಾಗಿಲ್ಲ ಅನ್ನಿಸಿ, ಮದುವೆ ಮಾಡಿಸುವ ಐನೋರಿಗೆ ಫೋನು ಮಾಡಿ ಕೇಳಿದೆ. ಅವರು ಯಾವುದೋ ಮದುವೆಯ ಗಲಾಟೆಯಲ್ಲಿದ್ದರು. "ಹಾಲು ನಾಣ್ಯಕ್ಕೆ ಸೋಕಬೇಕು ಸ್ವಾಮಿ. ಪ್ಲಾಸ್ಟಿಕ್ಕಿಗೆ ಧಾರೆ ಎರೆದರೆ ಪ್ಲಾಸ್ಟಿಕ್ಕಿಗೇ ಕನ್ಯಾದಾನ ಆದೀತು" ಅಂದರು. ಹಿಂದಿನಿಂದ ವಾಲಗ ಜೋರಾಯಿತು, ಮುಂದೆ ಏನಂದರೋ ಕೇಳಿಸಲಿಲ್ಲ.

ನನಗೆ ಒಡೆಯಲು ಮನಸ್ಸು ಬರದಿದ್ದುದಕ್ಕೆ ದರ್ಜೆಯೊಂದೇ ಕಾರಣವಲ್ಲ. ಇದನ್ನು ನಂಜುಂಡನಿಗೆ ಹೇಳಿರಲಿಲ್ಲ, ಗಿರಿಜಳಿಗೂ ಹೇಳಿರಲಿಲ್ಲ. ಆ ರೂಪಾಯಿಯನ್ನು ಕೊನೆಯ ಸಲ ಉಜ್ಜಿದವಳು ಅವ್ವ. ಭೂತಗಾಜು ಹಿಡಿದರೆ ಬೆಳ್ಳಿಯ ಮೇಲೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಸಂಸ್ಥೆಯವರು ತಪ್ಪು ಹಿಡಿದದ್ದು ಅವನ್ನೇ. ಅವು ಅವ್ವನ ಹೆಬ್ಬೆರಳು ತಿರುಗಿದ ಗೀರುಗಳು. ಡಬ್ಬಿಯೊಳಗೆ ಇರುವಷ್ಟು ದಿನ ಅವು ಹಾಗೇ ಇರುತ್ತವೆ. ಹೊರಗೆ ತೆಗೆದರೆ ಅಕ್ಕ ಉಜ್ಜುತ್ತಾಳೆ, ನಾಳೆ ಮೇಘನಾ ಉಜ್ಜುತ್ತಾಳೆ, ಅವ್ವ ಉಜ್ಜಿದ್ದು ಎಲ್ಲಿ ಉಳಿಯುತ್ತದೆ? ಚನ್ನರಾಯಪಟ್ಟಣಕ್ಕೆ ಹೋಗಿ, ಅಕ್ಕನ ಮನೆ ಜಗುಲಿಯ ಮೇಲೆ ಕೂತು, ಇದನ್ನು ಹೇಳಿಯೇಬಿಟ್ಟೆ. ಅಕ್ಕ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಉಗುರಿನಲ್ಲಿ ಅಂಚು ಕೆರೆದಳು. ಸಿಟ್ಟು ಮಾಡುತ್ತಾಳೆ ಅಂದುಕೊಂಡಿದ್ದೆ, ಮಾಡಲಿಲ್ಲ.

"ಅವ್ವ ಅಷ್ಟು ಉಜ್ತಿದ್ದಿದ್ದು ಇನ್ನೊಬ್ರ ಕೈಗೆ ಮಡಗಾಕೆ ಕಣ್ಲಾ" ಅಂದಳು. "ನನ್ ಧಾರೇಲಿ ಅವ್ವನೇ ನನ್ ಕೈಗೆ ಮಡಗಿದ್ಲು. ಈಗ ಮಗೀಗೆ ಮಡಗಾಕೆ ಅವ್ವ ಇಲ್ಲ. ಇದೂ ಇಲ್ದಂಗೆ ಮಾಡ್ಬ್ಯಾಡ್ಲಾ." ಹೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕಾಫಿ ಕಾಯಿಸಲು ಎದ್ದು ಹೋದಳು. ಅಂತೂ ನನ್ನ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡಿ ಆಗಿತ್ತು.

ಒಡೆಯುವುದು ಅಂದುಕೊಂಡಷ್ಟು ಸುಲಭದ್ದಲ್ಲ. ಮನೆಯಲ್ಲಿ ಚಾಕು ಹಾಕಿದೆ, ಚಾಕು ಬಾಗಿತು. ಕುಟ್ಟಾಣಿಯಲ್ಲಿ ಕುಟ್ಟಿದೆ, ಸದ್ದಿಗೆ ಪಕ್ಕದ ಮನೆಯವರು ಬಂದು ಏನಾಯಿತು ಅಂತ ಕೇಳಿದರು. ಕೊನೆಗೆ ಹೊಳೆನರಸೀಪುರದ ಬಸ್ಸು ಹತ್ತಿ ನಂಜುಂಡನ ಅಂಗಡಿಗೇ ಹೋದೆ. ಅವನು ಹ್ಯಾಕ್ಸಾ ಬ್ಲೇಡು, ಸುತ್ತಿಗೆ ಎರಡನ್ನೂ ಕೌಂಟರಿನ ಮೇಲಿಟ್ಟು, "ನಾನಂತೂ ನೋಡಲ್ಲ ಕಣಪ್ಪ" ಅಂತ ರಸ್ತೆ ಕಡೆ ಮುಖ ಮಾಡಿ ನಿಂತ. ಪೈಪು ಕೊಳ್ಳಲು ಬಂದಿದ್ದ ಹಳ್ಳಿಮೈಸೂರಿನವರೊಬ್ಬರು ಮಾತ್ರ ಸ್ಟೂಲು ಎಳೆದುಕೊಂಡು ಹತ್ತಿರ ಕೂತರು. "ಒಳ್ಳೆ ಡಬ್ಬಿ ಅಲ್ವಾ ಸಾ, ಯಾಕ್ ಒಡೀತೀರಿ?" ಅಂತ ಕೇಳಿದರು. ಒಳಗಿನ ರೂಪಾಯಿ ಬೇಕು ಅಂದೆ. "ಮತ್ತೆ ಒಳೀಕ್ ಯಾಕ್ ಆಕಿದ್ರಿ?" ಅಂದರು. ನಾನು ಬ್ಲೇಡು ಕೈಗೆತ್ತಿಕೊಂಡೆ. ಅಂಚನ್ನು ಕುಯ್ದು ಕುಯ್ದು ಕೈ ಬಿದ್ದುಹೋಗುವ ಹೊತ್ತಿಗೆ ಡಬ್ಬಿ ಚಟ್ ಅಂತ ಬಾಯಿ ಬಿಟ್ಟಿತು, ಚೀಟಿ ಎರಡು ತುಂಡಾಯಿತು, ರೂಪಾಯಿ ನನ್ನ ಅಂಗೈಗೆ ಬಿತ್ತು. ತಣ್ಣಗಿತ್ತು. ನಂಜುಂಡ ಹಿಂತಿರುಗಿ ನೋಡದೆ, "ಆಯ್ತಾ?" ಅಂತ ಮೆಲ್ಲಗೆ ಕೇಳಿದ.

ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ಚೆನ್ನಾಗಿಯೇ ನಡೆಯಿತು. ಸೋದರಮಾವನಾಗಿ ಹೆಣ್ಣನ್ನು ಮಂಟಪಕ್ಕೆ ಕರೆತಂದೆ. ಅಕ್ಕ ಉಜ್ಜಿಟ್ಟಿದ್ದ ರೂಪಾಯಿಯನ್ನು ನಾನೇ ಮೇಘನಾಳ ಅಂಗೈಗೆ ಇಟ್ಟೆ. ಅಕ್ಕ ನನ್ನ ಕಡೆ ನೋಡಿದಳು. ಆ ನೋಟಕ್ಕಾಗಿ ಹತ್ತು ಡಬ್ಬಿ ಬೇಕಾದರೂ ಒಡೆಯಬಹುದು ಅನ್ನಿಸಿತು. ಐನೋರು ಇನ್ನೇನು ತೆಂಗಿನಕಾಯಿ ಇಡಬೇಕು, ಅಷ್ಟರಲ್ಲಿ ಗಂಡಿನ ಅಜ್ಜಿ ಮೊಮ್ಮಕ್ಕಳ ತೋಳು ಹಿಡಿದುಕೊಂಡು ಮಂಟಪ ಹತ್ತಿ ಬಂದರು. ಸೊಂಟದ ಚೀಲ ಬಿಚ್ಚಿ ಒಂದು ಬೆಳ್ಳಿ ರೂಪಾಯಿ ತೆಗೆದು, "ನಮ್ಮತ್ತೆದು, ನಮ್ ಮನೇಲೂ ಮಡಗ್ತೀವಿ" ಅಂತ ನಮ್ಮದರ ಪಕ್ಕಕ್ಕೆ ಇಟ್ಟುಬಿಟ್ಟರು. ಅವರದೂ ಗಡ್ಡದ ರಾಜನೇ. ಐನೋರು ಎರಡರ ಮೇಲೂ ಕಾಯಿ ಇಟ್ಟರು. ಆಮೇಲೆ ಎರಡೂ ಕಡೆಯ ನೆಂಟರು ಸಾಲಾಗಿ ಬಂದು ಹಾಲು ಹುಯ್ದರು. ನಾನೂ ಹುಯ್ದೆ, ಅಜ್ಜಿಯೂ ಹುಯ್ದರು. ತಾಳಿಯಾಯಿತು, ಅಕ್ಷತೆ ಬಿತ್ತು, ಜನ ಊಟದ ಕಡೆ ನುಗ್ಗಿದರು.

ಪಂತಿಯಲ್ಲಿ ಕೂತವನಿಗೆ ಥಟ್ಟನೆ ನೆನಪಾಗಿ ಮಂಟಪಕ್ಕೆ ಓಡಿದರೆ, ಧಾರೆ ಪಾತ್ರೆಯಲ್ಲಿ ರೂಪಾಯಿಗಳಿಲ್ಲ. ಅಕ್ಕ ಅವನ್ನು ಆಗಲೇ ಅಡುಗೆಮನೆಗೆ ಒಯ್ದು, ಹಾಲು ಅಂಟಿ ಕಪ್ಪಾಗದಿರಲಿ ಅಂತ ಸಾರಿಗೆ ನೆನೆಸಿದ್ದ ಹುಣಸೆಹಣ್ಣು ತೆಗೆದುಕೊಂಡು ಎರಡನ್ನೂ ಒಟ್ಟಿಗೆ ಉಜ್ಜಿ, ತೊಳೆದು, ಸೆರಗಿನಲ್ಲಿ ಒರೆಸಿ ಇಟ್ಟುಕೊಂಡಿದ್ದಳು. "ತಗಳ್ಲಾ, ನಮ್ದ್ಯಾವ್ದು ನೋಡು. ನೀನ್ ತಾನೇ ಇದ್ರಲ್ಲಿ ಬಲ್ಲೋನು" ಅಂತ ಎರಡನ್ನೂ ನನ್ನ ಅಂಗೈಗೆ ಹಾಕಿದಳು. ಬಂದ ನೆಂಟರು ಗುಂಪುಗೂಡಿದರು. ನಾನು ಜೇಬಿನಿಂದ ಭೂತಗಾಜು ತೆಗೆದೆ. ಇಸವಿ ನೋಡಿದೆ: ಒಂದೇ. ಟಂಕಸಾಲೆಯ ಗುರುತು ನೋಡಿದೆ: ಒಂದೇ. ಎರಡೂ ಮನೆಯ ಹೆಂಗಸರು ತಲೆತಲಾಂತರ ಹುಣಸೆಹಣ್ಣು ಹಾಕಿ ತಿಕ್ಕಿದ್ದಕ್ಕೆ ಇಬ್ಬರು ರಾಜರ ಗಡ್ಡವೂ ಒಂದೇ ಸಮ ಸವೆದಿತ್ತು, ಇಬ್ಬರಿಗೂ ಹುಬ್ಬಿರಲಿಲ್ಲ. ಗೀರು ನೋಡೋಣವೆಂದರೆ ಎರಡರ ಮೇಲೂ ಈಗಷ್ಟೇ ಅಕ್ಕ ಎಳೆದ ಹೊಸ ಗೀರು. ಫೋಟೋ ಇದೆಯಲ್ಲ ಅಂತ ಮೊಬೈಲು ತೆಗೆದೆ. ನಾನು ತೆಗೆದ ಅಷ್ಟೂ ಫೋಟೋಗಳಲ್ಲಿ ಚೀಟಿ ಸ್ಪಷ್ಟವಾಗಿ ಓದುವ ಹಾಗಿದೆ, ರೂಪಾಯಿ ಮಸುಕಾಗಿದೆ.

ಇದನ್ನು ಹಿಡಿದೆ, ಅದನ್ನು ಹಿಡಿದೆ, ಕಿಟಕಿಗೆ ಹಿಡಿದೆ, ಟ್ಯೂಬ್‌ಲೈಟಿಗೆ ಹಿಡಿದೆ. ಅಜ್ಜಿ ಆಸೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದರು. ಅಕ್ಕನಿಗೆ ತಾಳ್ಮೆ ಕೆಟ್ಟಿತೋ, ನನ್ನ ಅವಸ್ಥೆ ನೋಡಲಾಗಲಿಲ್ಲವೋ, ಎರಡನ್ನೂ ಕಿತ್ತುಕೊಂಡಳು. ಒಂದು ಸಲ ತಿರುಗಿಸಿ, ಒಂದನ್ನು ಅಜ್ಜಿಯ ಕೈಗೂ ಇನ್ನೊಂದನ್ನು ನನ್ನ ಕೈಗೂ ಇಟ್ಟು, "ನಡೀರಿ, ಪಾಯ್ಸ ಆರೋಯ್ತದೆ" ಅಂದಳು. ಎಲ್ಲರೂ ಊಟಕ್ಕೆ ಹೋದರು.

ಮದುವೆ ಕಳೆದು ವಾರವಾಗಿರಬಹುದು. ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ, ಅರಕಲಗೂಡಿನಿಂದ ಗಂಡಿನ ಚಿಕ್ಕಪ್ಪ ಪುಟ್ಟಸ್ವಾಮಿಯವರ ಫೋನು. "ಬೀಗ್ರೇ, ತೆಪ್ಪು ತಿಳ್ಕಬ್ಯಾಡಿ. ನಮ್ಮವ್ವ ಆ ರೂಪಾಯಿ ಬದ್ಲಾಗೋಗದೆ ಅಂತ ಒಂದೇ ಸಮ್ಕೆ ಅಳ್ತಾ ಕುಂತದೆ. ನೆನ್ನೆಯಿಂದ ಊಟ ಬಿಟ್ಬುಟ್ಟದೆ. ನೀವು ತಿಳ್ದೋರಂತೆ, ಒಂದ್ ಮಾತು ಯೋಳ್ಬುಡಿ" ಅಂತ ಫೋನನ್ನು ಅಜ್ಜಿಗೆ ಕೊಟ್ಟರು. ಅಜ್ಜಿಯ ದನಿ ನಡುಗುತ್ತಿತ್ತು. "ಯಪ್ಪಾ, ನಮ್ಮತ್ತೆ ಸಾಯೋವಾಗ ನನ್ ಕೈಲಿ ಮಡಗಿದ್ದು ಕಣಪ್ಪ. ಇದು ಅದೇನಾ?"

ಒಂದು ಕ್ಷಣವೂ ಯೋಚನೆ ಮಾಡಲಿಲ್ಲ ಅಂದರೆ ನೀವು ನಂಬಬೇಕು. "ಅದೇ ಅಜ್ಜಿ. ಅನುಮಾನವೇ ಬೇಡ. ನಾನು ಗಾಜು ಹಿಡಿದು ನೋಡಿದೀನಲ್ಲ, ನೋಡಿಯೇ ಕೊಟ್ಟಿದ್ದು" ಅಂದೆ.

"ನಿಜವಾಗ್ಲೂ?"

"ನೂರಕ್ಕೆ ನೂರು."

ಅಷ್ಟು ವರ್ಷದ ಮೌಲ್ಯಮಾಪನದಲ್ಲಿ ನನ್ನ ಕೈಯಿಂದ ಆ ಅಂಕ ಬಂದದ್ದೇ ಇಲ್ಲ. ಅಜ್ಜಿ ನಿಟ್ಟುಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು. ಆಮೇಲೆ ಯಾರನ್ನೋ ಕರೆದು ಮುದ್ದೆ ಬಡಿಸಲು ಹೇಳಿದರು. ನಾನು ಫೋನಿಟ್ಟು ಬೀರು ತೆಗೆದು, ನನ್ನ ಪಾಲಿಗೆ ಬಂದ ರೂಪಾಯಿಯನ್ನು ಹೊರಗೆ ತೆಗೆದೆ. ಅಜ್ಜಿಯ ಅನುಮಾನವೆಲ್ಲ ಈಗ ನನ್ನ ಹತ್ತಿರ ಬಂದು ಕೂತಿತ್ತು. ಅವರ ಹತ್ತಿರ ಇರುವುದು ಅವ್ವನದಾಗಿದ್ದರೆ? ಗಿರಿಜ ಊಟಕ್ಕೆ ಕರೆದಳು, ಹಸಿವಿಲ್ಲ ಅಂದೆ. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದು, ಕೊನೆಗೆ ತಡೆಯಲಾರದೆ ಚನ್ನರಾಯಪಟ್ಟಣಕ್ಕೆ ಫೋನು ಮಾಡಿದೆ.

"ಅಕ್ಕ, ನನ್ನ ಹತ್ರ ಇರೋದು ಅವ್ವಂದೇ ತಾನೇ?"

"ಅವ್ವಂದೇ ಕಣ್ಲಾ" ಅಂದಳು ಅಕ್ಕ, ಉಸಿರು ತೆಗೆದುಕೊಳ್ಳದೆ. "ನಾನ್ ನೋಡೇ ಕೊಟ್ಟಿದ್ದು. ಓಗಿ ಉಣ್ಣೋಗು."

ಅವಳ ದನಿಯಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅಂಥ ದನಿ ಎಲ್ಲಿಂದ ಬರುತ್ತದೆ ಅನ್ನುವುದನ್ನು ಅವತ್ತು ಸಂಜೆಯಷ್ಟೇ ನಾನೂ ಕಲಿತಿದ್ದೆ. ಆದರೂ ಎದ್ದು ಕೈ ತೊಳೆದುಕೊಂಡು ಊಟಕ್ಕೆ ಕೂತೆ.